ಕುರ್ಚಿ ಒಲ್ಲದ ಪುಟ್ಟಬಸಮ್ಮ

ಶಿವರಾಂಪೇಟೆಯ ಒಂದು ಅಡ್ಡರಸ್ತೆಯಲ್ಲಿ ಪುಟ್ಟಬಸಮ್ಮನವರ ಊಟದ ಮನೆ ಇತ್ತು. ಹೊರಗೆ ಬೋರ್ಡು ಇರಲಿಲ್ಲ. ಬೇಕಾದವರಿಗೆ ಗೊತ್ತಿತ್ತು, ಗೊತ್ತಿಲ್ಲದವರು ಬರುವುದು ಪುಟ್ಟಬಸಮ್ಮನವರಿಗೂ ಬೇಕಿರಲಿಲ್ಲ. ಕಾಲೇಜು ಹುಡುಗರು, ಕಚೇರಿಯ ಗುಮಾಸ್ತರು, ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಮೇಷ್ಟರು ಹೀಗೆ ಒಂದಷ್ಟು ಜನ ಎರಡು ಹೊತ್ತು ಅಲ್ಲಿ ಉಣ್ಣುತ್ತಿದ್ದರು. ಹೊಸಬರು ಯಾರಾದರೂ ಬಾಗಿಲಲ್ಲಿ ನಿಂತರೆ ಆಕೆ ಮೊದಲು ಕೇಳುತ್ತಿದ್ದುದು ಹೆಸರನ್ನಲ್ಲ. "ಇಷ್ಟು ದಿನ ಎಲ್ಲಿ ಉಣ್ತಿದ್ರಿ? ಅಲ್ಲಿ ಯಾಕೆ ಬಿಟ್ರಿ?"

ಅನುಮಾನ ಆಕೆಯ ಜೊತೆಗೇ ಏಳುತ್ತಿತ್ತು, ಜೊತೆಗೇ ಮಲಗುತ್ತಿತ್ತು. ಭರಣಿಯಲ್ಲಿ ಹೆಪ್ಪುಗಟ್ಟಿದ ತುಪ್ಪದ ಮೇಲೆ ಉಗುರಿನಿಂದ ಗೀರೆಳೆದಿಟ್ಟು ಬರುವುದು, ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವುದು, ಜಗಲಿಯ ಮೇಲೆ ಇಬ್ಬರು ದನಿ ತಗ್ಗಿಸಿದರೆ ನೀರು ಚೆಲ್ಲುವ ನೆಪದಲ್ಲಿ ಹೊರಗೆ ಬರುವುದು, ಇವೆಲ್ಲ ದಿನದ ಕೆಲಸಗಳೇ ಆಗಿದ್ದವು. ಮಗ ಮಹದೇವಪ್ಪ, "ಅವ್ವಾ, ಲೋಕದಲ್ಲಿ ಎಲ್ಲರಿಗೂ ಬೇರೆ ಕೆಲಸ ಇದೆ ಕಣವ್ವ" ಎಂದರೆ, "ಇದ್ರೆ ಮಾಡ್ಕೊಳ್ಳಿ, ನಾನು ಬೇಡ ಅಂದ್ನಾ?" ಎನ್ನುತ್ತಿದ್ದರು.

ಹುಟ್ಟಿನಿಂದ ಬಂದ ಗುಣವಲ್ಲ ಅದು. ಗಂಡ ಗುರುಮಲ್ಲಪ್ಪ ಸಂತೇಪೇಟೆಯ ಬೆಲ್ಲದ ಮಂಡಿಯೊಂದರಲ್ಲಿ ಇದ್ದವರು. ಸ್ವಾತಂತ್ರ್ಯ ಬಂದ ವರ್ಷದ ಕೊನೆಗೆ ಒಂದು ಮಧ್ಯಾಹ್ನ ಅವರು ಮಂಡಿಯಲ್ಲೇ ಕುಸಿದರು. ನೆಂಟರಿಷ್ಟರು ಒಬ್ಬೊಬ್ಬರಾಗಿ ಮನೆಗೆ ಬಂದರು. "ಏನೂ ಇಲ್ಲ ತಾಯಿ, ಸ್ವಲ್ಪ ತಲೆ ಸುತ್ತು ಬಂದಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗವ್ರೆ. ನೀನು ಸುಮ್ಮನೆ ಕೂತ್ಕೊ" ಎಂದರು. ಪುಟ್ಟಬಸಮ್ಮ ಕೂತರು. ಮನೆ ತುಂಬ ಜನ, ಎಲ್ಲರ ದನಿಯೂ ಮೆತ್ತಗೆ. ಸಂಜೆಯ ಹೊತ್ತಿಗೆ ಹಿತ್ತಲಲ್ಲಿ ಯಾರೋ ಬಿದಿರು ಕಡಿಯುವ ಸದ್ದು ಕೇಳಿದಾಗಲೇ ಆಕೆಗೆ ತಿಳಿದದ್ದು, ತಾನು ಕೂತಿದ್ದ ಅಷ್ಟು ಹೊತ್ತೂ ತನ್ನೊಬ್ಬಳನ್ನು ಬಿಟ್ಟು ಆ ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು ಎಂದು. ಅಂದಿನಿಂದ ಯಾರಾದರೂ ಮೆತ್ತಗಿನ ದನಿಯಲ್ಲಿ "ಕೂತ್ಕೊಳ್ಳಿ" ಎಂದರೆ ಆಕೆಯ ಮೈಯೆಲ್ಲ ಕಿವಿಯಾಗುತ್ತಿತ್ತು.

ಆಮೇಲೆ ಊಟದ ಮನೆ ಶುರು ಮಾಡಿದರು. ಮಗನನ್ನು ಓದಿಸಿದರು. ಅವನಿಗೆ ರೈಲ್ವೆ ವರ್ಕ್‌ಷಾಪಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಕಡಕೊಳದಿಂದ ಗಿರಿಜಾಂಬಾ ಎಂಬ ಹುಡುಗಿಯನ್ನು ಸೊಸೆಯಾಗಿ ತಂದರು. ಗಿರಿಜಾಂಬಾಳದು ಕಡಿಮೆ ಮಾತು. ಕೆಲಸದಲ್ಲಿ ಚುರುಕು, ಕಣ್ಣು ಇನ್ನೂ ಚುರುಕು. ಬಾಯಿ ಬಿಡುವವರನ್ನಾದರೂ ನಂಬಬಹುದು, ಬಾಯಿ ಮುಚ್ಚಿಕೊಂಡು ನೋಡುವವರನ್ನು ಹೇಗೆ ನಂಬುವುದು ಎಂದು ಪುಟ್ಟಬಸಮ್ಮ ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಇಳಿಸಲೇ ಇಲ್ಲ.

ಐವತ್ತೈದನೇ ಇಸವಿಯ ಬೇಸಿಗೆ ಆಗಿನ್ನೂ ಹುಟ್ಟುತ್ತಿತ್ತು. ಒಂದು ಬೆಳಿಗ್ಗೆ ಆಕೆ ಒರಳಿನ ಮುಂದೆ ಎತ್ತರದ ಮಣೆ ಹಾಕಿಕೊಂಡು ಕೂತು ಚಟ್ನಿ ರುಬ್ಬಿದರು. ಏಳಲು ಹೋದರೆ ಆಗಲಿಲ್ಲ. ಮೊಣಕಾಲು ಮಡಿಸಿದ್ದು ಮಡಿಸಿದ ಹಾಗೇ ನಿಂತುಬಿಟ್ಟಿತು. ಒಂದು ಕೈ ನೆಲಕ್ಕೆ ಊರಿದರು, ಇನ್ನೊಂದು ಕೈಯಿಂದ ಒರಳು ಹಿಡಿದರು, ಉಸಿರು ಕಟ್ಟಿತು, ಮೈ ಬೆವರಿತು. ಕೂಗಲು ನಾಚಿಕೆ. ಕೊನೆಗೆ ಗಿರಿಜಾಂಬಾ ಬಂದು ನೋಡಿ, ಒಬ್ಬಳಿಂದಲೇ ಆಗದೆ, ಊಟಕ್ಕೆ ಬಂದಿದ್ದ ಮೇಷ್ಟರೊಬ್ಬರನ್ನು ಕರೆದಳು. ಇಬ್ಬರೂ ಸೇರಿ ಎತ್ತಿ ನಿಲ್ಲಿಸಿದರು. ಅನ್ನ ಹಾಕುವ ಕೈಯನ್ನು ಉಣ್ಣುವವರು ಹಿಡಿದು ಎತ್ತಿದರಲ್ಲ ಎಂದು ಪುಟ್ಟಬಸಮ್ಮ ಆ ದಿನ ಹಜಾರಕ್ಕೆ ಬರಲಿಲ್ಲ.

ಡಾಕ್ಟರು ಸದಾಶಿವಯ್ಯ ದಪ್ಪ ಹೊಟ್ಟೆಯ, ನಗುಮೊಗದ ಮನುಷ್ಯ. ಕಾಲು ಒತ್ತಿ ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, "ತೂಕ ಇಳಿಸ್ಬೇಕು ಕಣಮ್ಮ. ದಿನಾ ನಡೀಬೇಕು. ಕಾಲಿಗೆ ಕೆಲಸ ಕೊಡ್ಬೇಕು. ಇಲ್ದಿದ್ರೆ ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ" ಎಂದರು.

"ನಿಮ್ಮ ಹೊಟ್ಟೆ ನೋಡಿದ್ರೆ ನೀವು ನಡೆಯೋ ಹಂಗೆ ಕಾಣಲ್ಲ" ಎಂದರು ಪುಟ್ಟಬಸಮ್ಮ.

"ನಡೆಯಲ್ಲ. ಅದರ ಕಷ್ಟ ಗೊತ್ತಿರೋದಕ್ಕೇ ನಿಮಗೆ ಹೇಳ್ತಿರೋದು" ಎಂದು ಡಾಕ್ಟರು ನಕ್ಕರು.

ತಾನು ಮಾಡದ್ದನ್ನು ಇನ್ನೊಬ್ಬರಿಗೆ ಹೇಳುವವರ ಮಾತಿನಲ್ಲಿ ಏನೋ ಮಸಲತ್ತು ಇರುತ್ತದೆ ಎಂದುಕೊಂಡು ಆಕೆ ಮನೆಗೆ ಬಂದರು. ಬಂದು ನೋಡಿದರೆ ಹಜಾರದ ಮೂಲೆಯಲ್ಲಿ ಹೊಸದೊಂದು ಆರಾಮ ಕುರ್ಚಿ. ಬೆತ್ತದ ಹೆಣಿಗೆ, ಕೈ ಇಡಲು ಅಗಲವಾದ ಹಲಗೆ.

"ನಿನಗೇ ಅಂತ ತಂದೆ ಅವ್ವ" ಎಂದ ಮಹದೇವಪ್ಪ. "ಇನ್ನು ನೀನು ಇಲ್ಲಿ ಕೂತ್ಕೊಂಡು ಹೇಳಿದ್ರೆ ಸಾಕು. ಮಾಡೋದನ್ನ ಗಿರಿಜಾ ನೋಡ್ಕೋತಾಳೆ."

"ಹೂಂ ಅತ್ತೆ, ಕೂತ್ಕೊಳ್ಳಿ" ಎಂದಳು ಗಿರಿಜಾಂಬಾ, ಮೆತ್ತಗೆ.

ಪುಟ್ಟಬಸಮ್ಮ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಕುರ್ಚಿಯನ್ನು ನೋಡಿದರು. ತಾನು ಡಾಕ್ಟರ ಹತ್ತಿರ ಹೋಗುವ ಮೊದಲೇ ಇದನ್ನು ಹೇಳಿ ಮಾಡಿಸಿರಬೇಕು. ಹಾಗಾದರೆ ಇವರಿಬ್ಬರೂ ಎಂದಿನಿಂದ ಈ ಮಾತು ಆಡಿಕೊಂಡಿದ್ದಾರೆ? ಇಂದು ಕುರ್ಚಿ, ನಾಳೆ ಬೀಗದ ಕೈ, ನಾಡಿದ್ದು? ಕುರ್ಚಿಯಲ್ಲಿ ಕೂತರು. ಕೂರದೆ ವಿಧಿಯಿರಲಿಲ್ಲ, ಕಾಲು ನಡುಗುತ್ತಿತ್ತು. ಆದರೆ ಕೂತ ಕಡೆಯಿಂದಲೇ ಅಡುಗೆಮನೆಯ ಬಾಗಿಲು ಪೂರ್ತಿ ಕಾಣುವ ಹಾಗೆ ಅದನ್ನು ತಿರುಗಿಸಿ ಹಾಕಿಸಿಕೊಂಡರು.

ಆಮೇಲೆ ಕೆಲವು ವಾರಕ್ಕೆ ಉಸ್ತಾದ್ ನಿಂಗಯ್ಯ ಬಂದ.

ನಿಂಗಯ್ಯ ಹುಣಸೂರು ರಸ್ತೆಯ ಮೇಲಿನ ಹಿನಕಲ್ ಎಂಬ ಹಳ್ಳಿಯವನು. ವಯಸ್ಸಿನಲ್ಲಿ ದಸರಾ ಕುಸ್ತಿಗೆ ಇಳಿದವನು. ಆಮೇಲೆ ನಜರ್‌ಬಾದಿನ ಕಡೆಯ ಒಂದು ಗರಡಿಮನೆಯಲ್ಲಿ ಹುಡುಗರಿಗೆ ಸಾಮು ಹೇಳಿಕೊಡುವ ಉಸ್ತಾದನಾಗಿದ್ದ. ಉಳುಕು ತೆಗೆಯುವುದರಲ್ಲಿ ಅವನ ಕೈಗುಣ ದೊಡ್ಡದು ಎಂದು ಪೇಟೆಯವರೆಲ್ಲ ಹೇಳುತ್ತಿದ್ದರು. ನರೆತ ಮೀಸೆ, ಮುದುಡಿದ ಕಿವಿ, ಹೆಗಲ ಮೇಲೊಂದು ಕೆಂಪು ವಸ್ತ್ರ. ಬಂದವನು ಜಗಲಿಯ ಮೇಲೆ ಕೂತು ಕುಡಿಯಲು ನೀರು ಕೇಳಿದ. ಪುಟ್ಟಬಸಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಹೊಸಿಲು ದಾಟಿ ಚೊಂಬು ಕೊಟ್ಟರು. ಅವನು ನೀರು ಕುಡಿಯಲಿಲ್ಲ. ಆಕೆಯ ಪಾದ ಬೀಳುವುದನ್ನೇ ನೋಡುತ್ತಿದ್ದ.

"ಕಾಲಲ್ಲಿ ನೋವು ಕಮ್ಮಿ ಕಣ್ರಮ್ಮಾ, ಅನುಮಾನ ಜಾಸ್ತಿ" ಎಂದ.

"ಏನಂದ್ರಿ?"

"ಎಡಗಾಲ ಮ್ಯಾಲೆ ಭಾರ ಬುಡಕ್ಕೆ ನಿಮಗೆ ನಂಬ್ಕೆ ಇಲ್ಲ. ಭಾರ ಬೀಳ್ದೆ ಅದು ಸೊರಗೋಗ್ತಾ ಅದೆ. ಎಂಗೆ ಕೂತು ಎಂಗೆ ಏಳ್ಬೇಕು ಅಂತ ನಾನು ಏಳ್ಕೊಡ್ತೀನಿ. ಬೆಳಿಗ್ಗೆ ಒಂದು ಗಳಿಗೆ ಸಾಕು."

"ನಿಮ್ಮನ್ನ ಯಾರು ಕಳಿಸಿದ್ದು?"

ನಿಂಗಯ್ಯ ಚೊಂಬು ಎತ್ತಿ ಗಟಗಟ ಕುಡಿದ. ಬಾಯಿ ಒರೆಸಿಕೊಂಡ. ಬೀದಿ ಕಡೆ ನೋಡುತ್ತಾ, "ಯಾರು ಕಳಿಸ್ತಾರೆ? ದಾರೀಲಿ ಓಗ್ತಿದ್ದೆ" ಎಂದ.

ಸುಳ್ಳು ಎಂದು ಪುಟ್ಟಬಸಮ್ಮನವರಿಗೆ ಆ ಕ್ಷಣಕ್ಕೇ ಗೊತ್ತಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳು ಅದು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಅಟ್ಟಿಬಿಡುತ್ತಿದ್ದರು. ಆಕೆ ಮಾತ್ರ ಬೇರೆ ಲೆಕ್ಕ ಹಾಕಿದರು. ಇವನನ್ನು ಓಡಿಸಿದರೆ ಕಳಿಸಿದವರು ಯಾರೆಂದು ತಿಳಿಯುವುದಿಲ್ಲ. ಬರಲಿ, ಕಣ್ಣ ಮುಂದೆಯೇ ಇರಲಿ. ಒಂದು ದಿನ ಬಾಯಿ ಬಿಟ್ಟೇ ಬಿಡುತ್ತಾನೆ.

"ನಾಳೆ ಬನ್ನಿ" ಎಂದರು.

ಹೀಗೆ, ಕಾಲು ಗುಣವಾಗಲಿ ಎಂದಲ್ಲ, ಕಳ್ಳ ಸಿಗಲಿ ಎಂದು ಪುಟ್ಟಬಸಮ್ಮನವರ ಸಾಮು ಶುರುವಾಯಿತು.

ನಿಂಗಯ್ಯ ಎರಡು ಷರತ್ತು ಹಾಕಿದ. ಬೀದಿ ಬಾಗಿಲು ತೆಗೆದೇ ಇರಬೇಕು, ಸೊಸೆ ಪಕ್ಕದಲ್ಲೇ ನಿಂತಿರಬೇಕು. ಅವನು ಆಕೆಯನ್ನು ಒಂದು ದಿನವೂ ಮುಟ್ಟಲಿಲ್ಲ. ದೂರದಲ್ಲಿ ನೆಲದ ಮೇಲೆ ಕೂತು, ಕೈಯಲ್ಲೊಂದು ಕೋಲು ಹಿಡಿದು, ಅದರ ತುದಿಯಿಂದ ಇಲ್ಲಿ ಪಾದ, ಅಲ್ಲಿ ದೃಷ್ಟಿ ಎಂದು ತೋರಿಸುತ್ತಿದ್ದ. ಕೈ ಹಿಡಿಯುವುದಿದ್ದರೆ ಗಿರಿಜಾಂಬಾ ಹಿಡಿಯಬೇಕು. ಮೊದಲ ಪಾಠ ಆ ಆರಾಮ ಕುರ್ಚಿಯಿಂದಲೇ: ಕೈ ಊರದೆ ಏಳುವುದು, ಧೊಪ್ಪನೆ ಬೀಳದೆ ಕೂರುವುದು.

"ಏಳೋವಾಗ ಉಸ್ರು ಬುಡಿ. ಕಟ್ಬೇಡಿ. ಉಸ್ರು ಕಟ್ಟಿದ್ರೆ ಭಾರ ಎಲ್ಡಾಯ್ತದೆ."

ಕೆಲವು ದಿನ ಕಳೆದ ಮೇಲೆ ಅವನು ಕೇಳಿದ, "ಅಮ್ಮಾ, ನಿಮಗೆ ಈ ಕಾಲಿನ ಸಕ್ತಿ ಯಾಕೆ ಬೇಕು?"

ಪುಟ್ಟಬಸಮ್ಮನವರಿಗೆ ಇದು ಹುಳುಕು ಪ್ರಶ್ನೆ ಅನ್ನಿಸಿತು. ಯಾರಿಗೋ ಹೋಗಿ ಹೇಳಲು ಕೇಳುತ್ತಿದ್ದಾನೆ. "ಡಾಕ್ಟರು ಹೇಳಿದ್ರಲ್ಲ, ಅದಕ್ಕೆ" ಎಂದರು.

"ಡಾಕುಟ್ರು ಸರಿಯಾಗೇ ಏಳವ್ರೆ. ಆದ್ರೆ ಅದು ಅವರ ಮಾತಾಯ್ತು. ನಿಮ್ದು?"

"ಈ ಮನೆ ನಡೆಸೋದಕ್ಕೆ" ಎಂದು ಹೇಳಿ, ಸೊಸೆ ಕಡೆ ಓರೆಗಣ್ಣಿನಿಂದ ನೋಡಿ, "ಇನ್ನೊಬ್ಬರ ಕೈಗೆ ಕೊಡದೆ" ಎಂದು ಸೇರಿಸಿದರು.

ಗಿರಿಜಾಂಬಾ ತಲೆ ತಗ್ಗಿಸಿದಳು. ನಿಂಗಯ್ಯ ಮೀಸೆ ನೀವಿಕೊಂಡ. "ಗರಡಿಗೆ ಬಂದ ಹುಡುಗ್ರೂ ಇಂಗೇ ಅಂತಾರೆ. ಅವನ್ನ ಒಡೀಬೇಕು, ಇವನ್ನ ಬೀಳಿಸ್ಬೇಕು ಅಂತ. ಅಂಥವ್ರು ಬಾಳ ದಿನ ನಿಲ್ಲಕ್ಕಿಲ್ಲ. ಇನ್ನೊಬ್ರ ಮ್ಯಾಲಿನ ಸಿಟ್ಟಿಗೆ ಬೆಳಗಿನ ಜಾವ ಎದ್ದು ಬರಕ್ಕಾಗಲ್ಲ. ತಮಗೇ ಅಂತ ಒಂದು ಇರ್ಬೇಕು. ಇದ್ರೆ ಏಳಿ, ಇಲ್ದಿದ್ರೆ ಉಡುಕಿ."

ಅವನು ಹೇಳಿದ ಹಾಗೇ ಆಯಿತು. ಸಿಟ್ಟಿನ ಬಲದಲ್ಲಿ ಆಕೆ ಯುಗಾದಿ ದಾಟಿದರು. ಕುರ್ಚಿಯಿಂದ ಏಳುವುದು ಹಗುರವಾಯಿತು, ಬೀದಿಯ ತುದಿಯವರೆಗೆ ಹೋಗಿ ಬರುವಷ್ಟು ಉಸಿರು ಬಂತು. ಅಷ್ಟರಲ್ಲಿ ಎದುರುಮನೆಯ ಸರೋಜಮ್ಮ ಬಾಗಿಲಲ್ಲಿ ನಿಂತು, "ಏನ್ರೀ ಪುಟ್ಟಬಸಮ್ಮನೋರೆ, ಈ ವಯಸ್ಸಲ್ಲಿ ಕುಸ್ತಿ ಆಡ್ತೀರಂತೆ? ದಸರಾಕ್ಕೆ ಚೀಟಿ ನಮಗೂ ಕೊಡಿಸಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕರು. ಅದನ್ನು ಆಕೆ ಹೇಗೋ ನುಂಗಿಕೊಂಡರು. ಸರೋಜಮ್ಮನ ಬಾಯಿ ಹೊಸದಲ್ಲ.

ನುಂಗಲಾಗದ್ದು ಬೇರೆ. ಒಂದು ಬೆಳಿಗ್ಗೆ ಪಾಠ ಮುಗಿದ ಮೇಲೆ ಹಿತ್ತಲ ಕಡೆಯಿಂದ ಮೆತ್ತಗಿನ ದನಿ ಕೇಳಿಸಿತು. ಪುಟ್ಟಬಸಮ್ಮ ಗೋಡೆಗೆ ಆತುಕೊಂಡು ನಿಂತರು. ಗಿರಿಜಾಂಬಾಳ ದನಿ: "ಅತ್ತೆಗೆ ಮಾತ್ರ ಹೇಳ್ಬೇಡಿ ಉಸ್ತಾದ್ರೇ. ಗೊತ್ತಾದ್ರೆ ಈ ಮನೇಲಿ ನನಗೆ ಉಳಿಗಾಲ ಇಲ್ಲ."

"ನಾನ್ಯಾಕೆ ಏಳ್ಲವ್ವ" ಎಂದ ನಿಂಗಯ್ಯ.

ಕಳ್ಳ ಸಿಕ್ಕಿದ. ಸಂತೋಷವಾಗಬೇಕಿತ್ತು, ಆಗಲಿಲ್ಲ. ತನ್ನ ಮನೆಯಲ್ಲಿ, ತನ್ನ ಬೆನ್ನ ಹಿಂದೆ, ತನಗೆ ಗೊತ್ತಾಗಬಾರದ ಮಾತು. ಮತ್ತೆ. ಎದುರಿಗೆ ಹೋಗಿ ಏನು ಎಂದು ಕೇಳಿಬಿಡಬಹುದಿತ್ತು. ಕೇಳಲು ಭಯವಾಯಿತು. ಗಂಡ ಹೋದ ದಿನ ಮೆತ್ತಗಿನ ದನಿಗಳ ಹಿಂದೆ ಇದ್ದದ್ದೇನು ಎಂಬುದನ್ನು ಆಕೆ ಇನ್ನೂ ಮರೆತಿರಲಿಲ್ಲ.

ಮರುದಿನ ನಿಂಗಯ್ಯ ಬಂದಾಗ, "ನನಗೆ ಸಾಕು. ಇನ್ನು ಬರಬೇಡಿ" ಎಂದರು. ಅವನು ಕಾರಣ ಕೇಳಲಿಲ್ಲ. "ಆಗ್ಲಿ ಕಣ್ರಮ್ಮಾ. ಬೇಕಾದಾಗ ಏಳಿ ಕಳ್ಸಿ" ಎಂದು ಕೋಲು ತೆಗೆದುಕೊಂಡು ಹೋದ. ಪುಟ್ಟಬಸಮ್ಮ ಆರಾಮ ಕುರ್ಚಿಗೆ ಮರಳಿದರು.

ಆ ಕುರ್ಚಿಯಲ್ಲೇ ಬೇಸಿಗೆ ಮುಗಿದು ಮಳೆಗಾಲದ ಮೊದಲರ್ಧವೂ ಕಳೆಯಿತು. ಕಾಲು ಮತ್ತೆ ಬಿಗಿಯಿತು. ಅಡುಗೆಮನೆ ಬಾಗಿಲನ್ನು ನೋಡಿ ನೋಡಿ ಕಣ್ಣು ಸೋತಿತು. ಸೊಸೆ ತುಪ್ಪ ಕದಿಯಲಿಲ್ಲ, ಬೀಗದ ಕೈ ಕೇಳಲಿಲ್ಲ, ಸಾರು ಕೆಡಿಸಲಿಲ್ಲ. ಏನೂ ಮಾಡದೇ ಇರುವುದೇ ಅವಳ ದೊಡ್ಡ ಹಂಚಿಕೆ ಇರಬೇಕು ಎಂದು ಪುಟ್ಟಬಸಮ್ಮ ನೆನೆದರು.

ಆಕೆಗೂ ಒಂದು ಗುಟ್ಟು ಇತ್ತು. ಲಿಂಗಪೂಜೆಯ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲು ಹಾಗಿರಲಿಲ್ಲ, ಎರಡು ವರ್ಷದಿಂದ ಹಾಗೆ. ಕಾರಣ ಇಷ್ಟೇ: ಆಕೆಗೆ ನೆಲದ ಮೇಲೆ ಕಾಲು ಮಡಿಸಿ ಕೂರಲು ಆಗುತ್ತಿರಲಿಲ್ಲ. ಬುದ್ಧಿ ಬಂದಾಗಿನಿಂದ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿದವರು, ಈಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಬೇಗ ಬೇಗ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಮುಗಿಸಿಬಿಡುತ್ತಿದ್ದರು. ಯಾರೂ ತಪ್ಪೆನ್ನುತ್ತಿರಲಿಲ್ಲ. ಮಠದ ಸ್ವಾಮಿಗಳನ್ನೇ ಕೇಳಿದ್ದರೂ, ದೇವರಿಗೆ ನಿನ್ನ ಮೊಣಕಾಲು ಬೇಕಿಲ್ಲ ತಾಯಿ ಎನ್ನುತ್ತಿದ್ದರೋ ಏನೋ. ಆದರೆ ಪುಟ್ಟಬಸಮ್ಮನವರಿಗೆ ಅದು ಪೂಜೆ ಅನ್ನಿಸುತ್ತಿರಲಿಲ್ಲ. ಇಡೀ ದಿನದಲ್ಲಿ ಯಾರ ಮೇಲೂ ಕಣ್ಣಿಡದೆ, ಯಾವ ದನಿಗೂ ಕಿವಿಗೊಡದೆ ಆಕೆ ಇರುತ್ತಿದ್ದುದು ಆ ಒಂದು ಹೊತ್ತು ಮಾತ್ರ. ನೆಲದ ತಂಪು, ಗೋಡೆಗೆ ತಾಗದ ಬೆನ್ನು, ಅಂಗೈಯ ಮೇಲಿನ ಆ ಸಣ್ಣ ಭಾರ, ಆಗ ಮನಸ್ಸು ತಾನೇ ಇಳಿದು ಕೂರುತ್ತಿತ್ತು. ಮಂಚದ ಮೇಲೆ ಅದು ಇಳಿಯುತ್ತಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಆಕೆ ಹಟ ಮಾಡಿ ನೆಲಕ್ಕೆ ಕೂರಲು ನೋಡಿದರು. ಅರ್ಧಕ್ಕೇ ಕಾಲು ಕೈಕೊಟ್ಟಿತು. ಮಂಚದ ಕಾಲು ಹಿಡಿದುಕೊಂಡು ಹೇಗೋ ಮೇಲೆ ಬಂದು, ಉಸಿರು ಸುಧಾರಿಸಿಕೊಳ್ಳುತ್ತಾ ಕೂತರು. ಅಳು ಬಂತು. ಅಳುವಿನ ನಡುವೆ, ಉಸ್ತಾದ ಕೇಳಿದ್ದ ಪ್ರಶ್ನೆಗೆ ಉತ್ತರ ಇದೇ ಎಂದು ಹೊಳೆಯಿತು. ಡಾಕ್ಟರಿಗಾಗಿ ಅಲ್ಲ, ಬೀಗದ ಕೈಗಾಗಿ ಅಲ್ಲ. ನೆಲಕ್ಕೆ ಕೂರಬೇಕು, ಅಷ್ಟೇ.

ನಿಂಗಯ್ಯನಿಗೆ ಹೇಳಿ ಕಳಿಸಿದರು. ಅವನು ಬಂದು ಜಗಲಿಯಲ್ಲಿ ಕೂತ. ಪುಟ್ಟಬಸಮ್ಮ ಬಾಗಿಲಲ್ಲಿ ನಿಂತು, ಸೊಸೆ ಹತ್ತಿರ ಇಲ್ಲವೆಂದು ಎರಡು ಸಲ ತಿರುಗಿ ನೋಡಿ, "ನೀವು ಕೇಳಿದ್ರಲ್ಲ, ಯಾಕೆ ಬೇಕು ಅಂತ. ನನಗೆ ನೆಲದ ಮೇಲೆ ಕೂತ್ಕೋಬೇಕು, ಕೂತು ಏಳ್ಬೇಕು. ಯಾಕೆ ಏನು ಅಂತ ಕೇಳ್ಬೇಡಿ" ಎಂದರು.

"ಕೇಳಕ್ಕಿಲ್ಲ ಬುಡಿ. ಇಷ್ಟು ಸಾಕು" ಎಂದ ನಿಂಗಯ್ಯ.

ಈ ಸಲದ ಸಾಮೇ ಬೇರೆ. ಊಟಕ್ಕೆ ಕೂರುವವರಿಗೆ ಹಾಕುವ ಮರದ ಮಣೆಗಳನ್ನು ಒಂದರ ಮೇಲೊಂದು ಜೋಡಿಸಿ ಕುರ್ಚಿಯಷ್ಟು ಎತ್ತರ ಮಾಡಿಸಿದ. ಕಂಬ ಹಿಡಿದು ಅದರ ಮೇಲೆ ಕೂತು ಏಳಬೇಕು. ಅದು ಸಲೀಸಾಯಿತು ಎಂದ ದಿನ ಮೇಲಿನ ಮಣೆಯೊಂದನ್ನು ತೆಗೆಸುತ್ತಿದ್ದ. ಮಣೆ ಇಳಿದಂತೆ ಕಷ್ಟ ಏರುತ್ತಿತ್ತು. ತೊಡೆ ಉರಿಯುತ್ತಿತ್ತು, ಹಲ್ಲು ಕಚ್ಚಿಕೊಳ್ಳಬೇಕಾಗುತ್ತಿತ್ತು. ಕೆಲವು ದಿನ ತೆಗೆದ ಮಣೆಯನ್ನು ಮತ್ತೆ ಇಡಬೇಕಾಗುತ್ತಿತ್ತು. "ಏನಾಗಲ್ಲ, ಕುಸ್ತೀಲೂ ಇಂದಕ್ಕೆ ಸರಿಯೋದು ಒಂದು ಪಟ್ಟೇಯ" ಎನ್ನುತ್ತಿದ್ದ ನಿಂಗಯ್ಯ. ರಾತ್ರಿಯ ಅನ್ನ ಬಿಡಿಸಿ ಸಣ್ಣದೊಂದು ರಾಗಿಮುದ್ದೆಗೆ ತಂದ. ಬೆಳಿಗ್ಗೆ ತರಕಾರಿಗೆ ದೇವರಾಜ ಮಾರ್ಕೆಟ್ಟಿನವರೆಗೆ ಆಕೆಯೇ ನಡೆದು ಹೋಗಬೇಕು ಎಂದ. ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ ಎಂದು ಅವನೇ ಕಳಿಸಿದ. ಡಾಕ್ಟರು ಎದೆಗೆ ಕೊಳವೆ ಇಟ್ಟು, "ಏನ್ರೀ ಇದು, ಎದೆ ಇಷ್ಟು ಚೆನ್ನಾಗಿ ಮಾತಾಡ್ತಿದೆ!" ಎಂದರು.

ಇಷ್ಟೆಲ್ಲ ಆಗುವಾಗ ಗಿರಿಜಾಂಬಾ ಪಕ್ಕದಲ್ಲಿ ಇದ್ದೇ ಇದ್ದಳು. ಪುಟ್ಟಬಸಮ್ಮ ಅವಳ ಕೈ ಹಿಡಿದೇ ಏಳುತ್ತಿದ್ದರು. ಹಿಡಿದ ಕೈ ಬೆಚ್ಚಗಿರುತ್ತಿತ್ತು, ಗಟ್ಟಿಯಾಗಿರುತ್ತಿತ್ತು. ಆದರೂ ಆಕೆಯ ಮನಸ್ಸು ಆ ಕೈಯನ್ನೇ ಕೇಳುತ್ತಿತ್ತು: ಅಂದು ಹಿತ್ತಲಲ್ಲಿ ನೀನು ಹೇಳಿದ್ದೇನು?

ಆಯುಧಪೂಜೆಯ ಹೊತ್ತಿಗೆ ಕೊನೆಯ ಮಣೆಯೂ ಹೋಯಿತು. ಅದಾದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು, ಚಾಪೆ ಬಿಡಿಸಿ, ಪುಟ್ಟಬಸಮ್ಮ ನಿಧಾನವಾಗಿ ನೆಲಕ್ಕೆ ಇಳಿದರು. ಎಡಗಾಲು ಸ್ವಲ್ಪ ಎದ್ದೇ ಇತ್ತು, ಪೂರ್ತಿ ಮಡಿಸಲು ಬರಲಿಲ್ಲ. ಇರಲಿ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರು. ಹೊರಗೆ ಯಾರೋ ಪಾತ್ರೆ ಬೀಳಿಸಿದರು. ಯಾರು, ಯಾವ ಪಾತ್ರೆ ಎಂದು ಆಕೆಗೆ ಅನ್ನಿಸಲೇ ಇಲ್ಲ. ಪೂಜೆ ಮುಗಿದು, ಉಸಿರು ಬಿಡುತ್ತಾ, ಯಾರ ಕೈಯೂ ಇಲ್ಲದೆ ಎದ್ದು ನಿಂತಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟಕ್ಕೇ ಕಥೆ ಮುಗಿಯಬಹುದಿತ್ತು. ಆದರೆ ಕಾರ್ತೀಕ ಕಳೆಯುತ್ತಿದ್ದಂತೆ ನಿಂಗಯ್ಯ ಬರುವುದು ನಿಂತಿತು. ಹೇಳಲಿಲ್ಲ, ಕೇಳಲಿಲ್ಲ. ಒಂದು ವಾರ ಕಾದರು. ಗಿರಿಜಾಂಬಾಳನ್ನು ಕೇಳಿದರೆ, "ಗೊತ್ತಿಲ್ಲ ಅತ್ತೆ" ಎಂದಳು, ಸ್ವಲ್ಪ ಬೇಗನೇ ಎಂದಳು. ಪುಟ್ಟಬಸಮ್ಮನವರ ಹಳೆಯ ಅನುಮಾನಕ್ಕೆ ಮತ್ತೆ ಜೀವ ಬಂತು. ಇವರಿಬ್ಬರ ಏರ್ಪಾಟು ಮುಗಿದಿರಬೇಕು. ಕೆಲಸ ಆಯಿತು, ಹೋದ. ಯಾವ ಕೆಲಸ? ತನ್ನನ್ನು ಗಟ್ಟಿ ಮಾಡಿ ಇವಳಿಗೇನು ಲಾಭ? ಗಂಡನನ್ನು ಕಟ್ಟಿಕೊಂಡು ಬೇರೆ ಮನೆ ಮಾಡುವುದಕ್ಕೋ? ಅತ್ತೆ ಗಟ್ಟಿಯಾಗಿದ್ದಾಳೆ, ಇನ್ನು ನಾವಿಲ್ಲದಿದ್ದರೂ ನಡೆಯುತ್ತದೆ ಎಂದು ಹೇಳುವುದಕ್ಕೋ? ಹೌದು, ಅದೇ. ಇದಕ್ಕಿಂತ ಸರಿಯಾಗಿ ಹೊಂದುವುದು ಬೇರೊಂದಿಲ್ಲ.

ಒಂದು ಬೆಳಿಗ್ಗೆ ಮಾರ್ಕೆಟ್ಟಿಗೆ ಎಂದು ಹೊರಟವರು ಮಾರ್ಕೆಟ್ಟಿನ ಕಡೆ ತಿರುಗಲಿಲ್ಲ. ರೈಲ್ವೆ ಸ್ಟೇಷನ್ ದಾಟಿ ಹುಣಸೂರು ರಸ್ತೆ ಹಿಡಿದರು. ದಾರಿಯುದ್ದಕ್ಕೂ ನಿಂಗಯ್ಯನನ್ನು ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡು, ತಿದ್ದಿಕೊಂಡು, ಜೋರು ಮಾಡಿಕೊಂಡು ನಡೆದರು. ಜಟಕಾದವನೊಬ್ಬ ಪಕ್ಕದಲ್ಲಿ ನಿಧಾನ ಮಾಡಿ, "ಬತ್ತೀರೇನ್ರಮ್ಮಾ?" ಎಂದರೆ, ಇವನು ಯಾಕೆ ಕರೆಯುತ್ತಾನೆ ಎಂದು ಇನ್ನೂ ಬಿರುಸಾಗಿ ಹೆಜ್ಜೆ ಹಾಕಿದರು. ಮನೆಗಳು ಮುಗಿದವು, ಹೊಲಗಳು ಬಂದವು.

ಹಿನಕಲ್ಲಿನಲ್ಲಿ ನಿಂಗಯ್ಯ ಎಲ್ಲೂ ಅಡಗಿರಲಿಲ್ಲ. ಊರ ಅಂಚಿನ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದ. ಪಂಚೆ ಮೇಲೆ ಕಟ್ಟಿ, ಕೈಯಲ್ಲಿ ಕುಡುಗೋಲು ಹಿಡಿದು, ಬೆನ್ನೆತ್ತಿ ನೋಡಿದವನು ಹಾಗೇ ನಿಂತ.

"ಅಮ್ಮಾವ್ರೇ! ಜಟಕಾ ಎಲ್ಲಿ?"

"ಯಾವ ಜಟಕಾ? ನಡ್ಕೊಂಡು ಬಂದೆ" ಎಂದರು ಪುಟ್ಟಬಸಮ್ಮ. ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ತಿರುಗಿ ರಸ್ತೆಯ ಕಡೆ ನೋಡಿದರು. ಶಿವರಾಂಪೇಟೆ ಎಲ್ಲಿ, ಹಿನಕಲ್ ಎಲ್ಲಿ! ದಾರಿಯಲ್ಲಿ ಮೊಣಕಾಲಿನ ನೆನಪೇ ಆಗಿರಲಿಲ್ಲ.

ನಿಂಗಯ್ಯ ಕುಡುಗೋಲು ಕೆಳಗಿಟ್ಟು ಗಟ್ಟಿಯಾಗಿ ನಕ್ಕ. "ರಾಗಿ ಕುಯ್ಲು ಅಂತ ಸೊಸ್ಯೋರ ಕೈಲಿ ಏಳಿದ್ನಲ್ಲ, ಏಳ್ನಿಲ್ವಾ?"

"ಹೇಳಿಲ್ಲ. ಅವಳು ಯಾಕೆ ಹೇಳ್ತಾಳೆ? ಉಸ್ತಾದ್ರೇ, ನಿಜ ಹೇಳಿ. ನಿಮ್ಮನ್ನ ನಮ್ಮನೆಗೆ ಕಳಿಸಿದ್ದು ಅವಳೇ ತಾನೆ?"

ನಿಂಗಯ್ಯ ನಗು ನಿಲ್ಲಿಸಿದ. ಹೊಲದ ಬದುವಿನ ಮೇಲೆ ವಸ್ತ್ರ ಹಾಸಿ ಆಕೆಗೆ ಕೂರಲು ಹೇಳಿದ. ಆಕೆ ಕೂರಲಿಲ್ಲ. ಅವನೇ ಕೂತ.

"ಊಂ. ಆಯಮ್ಮನೇಯ" ಎಂದ. "ಶಿವರಾತ್ರಿ ಕಳೆದ ಮ್ಯಾಲೆ ಕೈ ಉಳುಕ್ಸ್ಕೊಂಡು ನಿಮ್ಮ ಮಗನ ಜೊತೆ ಬಂದಿತ್ತು. ಕೈ ನೀವಿ ಕಟ್ಟು ಕಟ್ದೆ. ಓಗೋವಾಗ ಗಂಡನ್ನ ಮುಂದೆ ಬುಟ್ಟು, ತಿರುಗಿ ಬಂದು ಕೇಳ್ತು: 'ನಮ್ಮತ್ತೆ ಬಾಗಿಲಾಕ್ಕೊಂಡು ಮಂಚದ ಮ್ಯಾಲೆ ಕೂತು ಪೂಜೆ ಮಾಡ್ತಾರೆ. ಪೂಜೆ ಮುಗ್ಸಿ ಸೆರಗಲ್ಲಿ ಕಣ್ಣು ಒರೆಸ್ಕೋತಾರೆ. ಅವರನ್ನ ನೆಲಕ್ಕೆ ಕೂರೋ ಅಂಗೆ ಮಾಡಕ್ಕೆ ಆಯ್ತದಾ ಉಸ್ತಾದ್ರೇ?' ಅಂತ. ಗೊತ್ತಾದ್ರೆ ನಿಮ್ಮ ಮಾನ ಓಯ್ತದೆ ಅಂತ ಆಯಮ್ಮಂಗೆ ಭಯ. ಏಳ್ಬೇಡಿ ಅಂತ ಆಣೆ ಆಕ್ಸ್ಕೊಂಡಿತ್ತು. ಈಗ ನೀವು ಇಷ್ಟು ದೂರ ನಡ್ಕೊಂಡು ಬಂದು ಕೇಳ್ದಾಗ ಸುಳ್ಳು ಏಳಕ್ಕೆ ನನ್ನ ಕೈಲಾಗಲ್ಲ."

ಪುಟ್ಟಬಸಮ್ಮನವರ ಅನುಮಾನ ನಿಜವೇ ಆಗಿತ್ತು. ಕಳಿಸಿದವಳು ಅವಳೇ, ಬೆನ್ನ ಹಿಂದೆ ಮಾತಾಡಿದವಳು ಅವಳೇ. ಎಲ್ಲವನ್ನೂ ಸರಿಯಾಗಿಯೇ ಹಿಡಿದಿದ್ದರು; ಅದರ ಅರ್ಥವನ್ನು ಬಿಟ್ಟು. ಆಮೇಲೆ ಆಕೆ ಬದುವಿನ ಮೇಲೆ, ವಸ್ತ್ರ ಪಕ್ಕಕ್ಕೆ ಸರಿಸಿ, ಮಣ್ಣಿನ ಮೇಲೇ ಕೂತು ನಿಂಗಯ್ಯನ ಮನೆಯವರು ತಂದುಕೊಟ್ಟ ಮಜ್ಜಿಗೆ ಕುಡಿದರು.

ಬರುವಾಗ ನಿಂಗಯ್ಯನ ಒತ್ತಾಯಕ್ಕೆ ಜಟಕಾ ಹತ್ತಿದರು. ಮನೆಗೆ ಬಂದರೆ ಗಿರಿಜಾಂಬಾ ಬಾಗಿಲಲ್ಲೇ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. "ಎಲ್ಲಿಗೆ ಹೋಗಿದ್ರಿ ಅತ್ತೆ? ಮಾರ್ಕೆಟ್ಟಲ್ಲೆಲ್ಲ ಹುಡುಕಿಸಿದೆ."

"ಹಿನಕಲ್ಲಿಗೆ."

ಗಿರಿಜಾಂಬಾ ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ರಾಗಿ ಕುಯ್ಲು ಅಂತ ಅವರು ಹೇಳಿದ್ದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ಅವರು ನನ್ನ ಹತ್ರ ಹೇಳಿ ಹೋದ್ರು ಅಂದ್ರೆ, ನನ್ನ ಹತ್ರ ಯಾಕೆ ಹೇಳಿದ್ರು ಅಂತ ನೀವು ಕೇಳ್ತೀರಿ ಅಂತ."

ಕೇಳುತ್ತಿದ್ದರು, ಖಂಡಿತ. ಪುಟ್ಟಬಸಮ್ಮ ಒಳಗೆ ಬಂದು ಕಾಲು ತೊಳೆದುಕೊಂಡು ಹಜಾರದಲ್ಲಿ ನಿಂತರು. "ಗಿರಿಜಾ, ನಾನು ಪೂಜೆ ಮಾಡೋವಾಗ ಬಾಗಿಲ ಸಂದಿಯಿಂದ ನೋಡ್ತಿದ್ಯಾ?"

ಗಿರಿಜಾಂಬಾಳ ಕಣ್ಣಲ್ಲಿ ನೀರು ತುಂಬಿತು. "ಹೂಂ ಅತ್ತೆ. ತಪ್ಪಾಯ್ತು."

"ಯಾಕೆ ನೋಡಿದೆ?"

"ದಿನಾ ಬಾಗಿಲು ಹಾಕ್ಕೊಂಡು ಒಳಗೆ ಏನು ಮಾಡ್ತೀರೋ ಅಂತ..." ಅವಳು ಸೆರಗಿನ ತುದಿ ಸುತ್ತುತ್ತಾ ನಿಂತಳು. ಕೊನೆಗೆ ಸಣ್ಣ ದನಿಯಲ್ಲಿ, "ಅನುಮಾನ ಬಂತು" ಎಂದಳು.

ಪುಟ್ಟಬಸಮ್ಮನವರಿಗೆ ಎಲ್ಲಿಂದಲೋ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಎಷ್ಟು ವರ್ಷದಿಂದ ಈ ಮನೆಯಲ್ಲಿ ತನ್ನದೊಂದೇ ಕಣ್ಣು ಎಂದುಕೊಂಡಿದ್ದರು! ಆ ಕಡೆಯಿಂದಲೂ ಒಂದು ಕಣ್ಣು ಅಷ್ಟೇ ಎಚ್ಚರವಾಗಿ ತನ್ನನ್ನು ಕಾಯುತ್ತಿತ್ತು. "ಸರಿ ಹೋಯ್ತು ಬಿಡು" ಎಂದರು. "ಈ ಮನೆಗೆ ತಕ್ಕ ಸೊಸೆನೇ ಬಂದಿದೀಯ." ಬೈದದ್ದೋ ಹೊಗಳಿದ್ದೋ ಗಿರಿಜಾಂಬಾಳಿಗೆ ಆ ದಿನ ಗೊತ್ತಾಗಲಿಲ್ಲ.

ಪುಟ್ಟಬಸಮ್ಮ ಆಮೇಲೂ ಬಹಳ ವರ್ಷ ಗಟ್ಟಿಯಾಗಿದ್ದರು. ಅರವತ್ತು ದಾಟಿದ ಮೇಲೂ ತಪ್ಪದೆ ನಡೆಯುತ್ತಿದ್ದರು. ಹಾಗೆಂದು ಗುಣ ಬದಲಾಗಲಿಲ್ಲ. ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಗುಡ್ಡೆಯ ಮುಂದೆ ಅತ್ತೆ ಸೊಸೆ ಇಬ್ಬರೂ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅತ್ತೆ ಒಂದೊಂದು ಕಾಯಿಯ ತೊಟ್ಟು ಎತ್ತಿ ಹುಳ ನೋಡುವರು; ಸೊಸೆ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಳು. ವ್ಯಾಪಾರಿ ಅಂಗೈಯಿಂದ ಹಣೆ ಒತ್ತಿಕೊಂಡು, "ಒಬ್ಬರು ಬಂದ್ರೇ ಕಷ್ಟ ಆಗಿತ್ತು ಕಣ್ರಮ್ಮಾ, ಈಗ ಇಬ್ಬರೂ ಬರ್ತೀರಿ" ಎನ್ನುತ್ತಿದ್ದ.

"ಯಾಕೆ, ನಾವು ಬಂದ್ರೆ ನಿನಗೇನು ಕಷ್ಟ?" ಎಂದು ಇಬ್ಬರೂ ಒಟ್ಟಿಗೇ ಕೇಳುತ್ತಿದ್ದರು.